ಹಲ್ಲಲ್ಲಿ ಕಡಿದ ಬಲೆ

"ಥೂ... ಏನ್ ಮಾಡ್ತಿದ್ದೀಯ ನೀನು?"

ಗಾಳಿಗೆ ಎದುರಾಗಿ ಕೂಗಿದ್ದಕ್ಕೆ ಬೋಡಿಲ್ ಬಾಯಿಗೆ ಮರಳು ತುಂಬಿಕೊಂಡಿತು.

ಅವಳ ಮುಂದೆ, ಕೊಳೆತ ಕಡಲಪಾಚಿಯ ರಾಶಿಯ ನಡುವೆ, ಸತ್ತು ನಾಲ್ಕೈದು ದಿನವಾದ ಸೀಲ್ ಎಂಬ ಕಡಲಪ್ರಾಣಿಯೊಂದು ಉಬ್ಬಿಕೊಂಡು ಬಿದ್ದಿತ್ತು. ಕಣ್ಣುಗಳನ್ನು ಹಕ್ಕಿಗಳು ಕಿತ್ತು ತಿಂದಿದ್ದವು. ಪಕ್ಕದಲ್ಲಿ ಮಂಡಿಯೂರಿದ್ದ ಗಂಡಸೊಬ್ಬ ಅದರ ಕುತ್ತಿಗೆಯ ಮಡಿಕೆಯೊಳಗೆ ಚಾಕು ಆಡಿಸುತ್ತಿದ್ದ. ಮೊಣಕೈವರೆಗೂ ಹಳದಿ ಕೊಬ್ಬು ಮೆತ್ತಿಕೊಂಡಿತ್ತು.

ಅವನು ತಲೆ ಎತ್ತಿ ಏನೋ ಹೇಳಿದ. ಕ್ಲಿಟ್‌ಮೊಲ್ಲರ್ ಕಡಲತೀರದ ಗಾಳಿ ಆ ಮಾತನ್ನು ಹರಿದು ಚಿಂದಿ ಮಾಡಿತು.

"...ಬೆಲೆ ಇದೆ... ಕುತ್ತಿಗೇಲಿ..."

ಬೆಲೆಯಾ? ಚರ್ಮಕ್ಕೋ, ಹಲ್ಲಿಗೋ? ಸತ್ತ ಪ್ರಾಣಿಯನ್ನೂ ಬಿಡುವುದಿಲ್ಲವೇ ಈ ಜನ?

ಗಂಡಸರ ಬಗ್ಗೆ ಬೋಡಿಲ್‌ಗೆ ಹೇಸಿಗೆ ಹೊಸದೇನಲ್ಲ. ಸದಾ ಸುಗಂಧ ಪೂಸಿಕೊಂಡು ಸದಾ ಸುಳ್ಳು ಹೇಳುತ್ತಿದ್ದ ಕ್ರೆಸ್ಟೆನ್ ಜೊತೆ ನಾಲ್ಕು ವರ್ಷ ಬಾಳಿದವಳು ಅವಳು. ಅವನು ಒಳಗೆ ಕೊಳೆತಿದ್ದ, ಇವನು ಹೊರಗೂ ನಾರುತ್ತಿದ್ದಾನೆ. ಅಷ್ಟೇ ವ್ಯತ್ಯಾಸ...

ಅವನು ಮುಖ ಒರೆಸಿಕೊಳ್ಳಲು ಚಾಕು ಕೆಳಗಿಟ್ಟ. ಬೋಡಿಲ್ ಅದನ್ನು ಎತ್ತಿಕೊಂಡು ಸಮುದ್ರಕ್ಕೆ ಬೀಸಿ ಎಸೆದಳು.

"ಈಗ ಹಲ್ಲಲ್ಲಿ ಕಡಿ. ಹೆಣ ತಿನ್ನೋನಿಗೆ ಚಾಕು ಯಾಕೆ?"

ಅವನು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ. ಅಲೆ ಸವಾರಿಯ ತನ್ನ ಹಾಯಿಹಲಗೆ ಹೊತ್ತು ನೀರಿಗಿಳಿದಳು.

ಅವತ್ತು ಮಿಕ್ಕ ಸವಾರರೆಲ್ಲ ಹಾಯಿ ಸುತ್ತಿಟ್ಟು ದಡದ ಮೇಲೆ ತಮ್ಮ ವ್ಯಾನುಗಳೊಳಗೆ ಕುಳಿತಿದ್ದರು. ಗಾಳಿ ಅಂಥದ್ದು. ಅತಿ ಚಿಕ್ಕ ಹಾಯಿ ಕಟ್ಟಿದ್ದರೂ ತೋಳು ಕಿತ್ತುಬರುವಂತೆ ಎಳೆಯುತ್ತಿತ್ತು. ಕಂದು ನೊರೆ ಮುಖಕ್ಕೆ ರಾಚುತ್ತಿತ್ತು, ಮೂಗಿನೊಳಗೂ ಪಾಚಿಯದೇ ವಾಸನೆ. ಮೊದಲ ಅಲೆ ದಾಟಿದಳು. ಎರಡನೆಯದಕ್ಕೆ ಬಿದ್ದಳು, ಎದ್ದಳು. ಸಿಟ್ಟಿದ್ದಾಗ ಅವಳಿಗೆ ಭಯವಾಗುತ್ತಿರಲಿಲ್ಲ.

ಮೂರನೆಯ ಅಲೆಯಲ್ಲಿ ಹಲಗೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ.

ಬೋಡಿಲ್ ಹಾಯಿಯ ಮೇಲಿಂದ ಹಾರಿ ಬಿದ್ದಳು. ಮೇಲೆ ಬರಲು ಕಾಲು ಬಡಿದಳು. ಕಾಲು ಬರಲಿಲ್ಲ. ಜಿಡ್ಡುಜಿಡ್ಡಾದದ್ದೇನೋ ಪಾದಕ್ಕೂ ಹಲಗೆಗೂ ಸುತ್ತಿಕೊಂಡು ಬಿಗಿಯುತ್ತಿತ್ತು. ಕೈಯಾಡಿಸಿದಳು... ಎಳೆ ಎಳೆ. ತೂತು ತೂತು. ಎಳೆಗಳ ನಡುವೆ ಕೂದಲು, ಕೊಬ್ಬು.

ಬಲೆ.

'ಬೆಲೆ ಇದೆ' ಎಂದಿರಲಿಲ್ಲ ಅವನು. 'ಬಲೆ ಇದೆ' ಎಂದಿದ್ದ. ಸೀಲಿನ ಕುತ್ತಿಗೆಗೆ ಬಿಗಿದ ಬಲೆ... ಅವನು ಬಿಡಿಸಿದ್ದ ಅರ್ಧ ತುಂಡನ್ನು ಅಲೆ ಎಳೆದು ತಂದಿದೆ. ಬಿಡಿಸುತ್ತಿದ್ದವನ ಚಾಕು ಎಸೆದವಳು ನಾನೇ!

ತಲೆಯ ಮೇಲೆ ಅಲೆ ಒಡೆಯಿತು. ಮತ್ತೊಂದು. ಉಸಿರಿಗೆ ಬದಲು ನೊರೆ ನುಂಗಿದಳು.

ಅಷ್ಟರಲ್ಲಿ ಒಂದು ತೋಳು ಅವಳ ಎದೆಯನ್ನು ಬಳಸಿ ಮೇಲಕ್ಕೆತ್ತಿತು. ಆ ವಾಸನೆ ಅವಳಿಗೆ ಗುರುತಾಯಿತು.

"ಹಲಗೆ ಹಿಡ್ಕೋ. ಕಾಲು ಎಳೀಬೇಡ."

ಅವನೂ ಹಾಯಿಹಲಗೆಯ ಮೇಲೇ ಬಂದು, ಅದನ್ನು ಅಲೆಗೆ ಬಿಟ್ಟುಕೊಟ್ಟಿದ್ದ. ಉಸಿರೆಳೆದು ಮುಳುಗಿದ. ಚಾಕು ಎಲ್ಲಿದೆ ಅವನ ಬಳಿ? ಪಾದದ ಮೇಲೆ ಅವನ ಬಾಯಿ ತಾಗಿದ್ದು ಅವಳಿಗೆ ತಿಳಿಯಿತು. ಹಲ್ಲಿನಿಂದ ಕಡಿಯುತ್ತಿದ್ದ. ಕೊಳೆತ ಕೊಬ್ಬು ಮೆತ್ತಿದ ಆ ಎಳೆಗಳನ್ನು, ಒಂದೊಂದಾಗಿ.

ನಾಲ್ಕು ಸಲ ಮೇಲೆ ಬಂದು ಉಗುಳಿದ. ನಾಲ್ಕು ಸಲ ಮುಳುಗಿದ. ಐದನೆಯ ಸಲ ಮೇಲೆ ಬಂದಾಗ ತುಟಿಯಲ್ಲಿ ರಕ್ತವಿತ್ತು, ಅವಳ ಕಾಲು ಬಿಡುಗಡೆಯಾಗಿತ್ತು.

ಬೋಡಿಲ್ ಅವನ ಭುಜ ಹಿಡಿದುಕೊಂಡಳು. ಕೃತಜ್ಞತೆ ಹೇಳಬೇಕೆಂದು ಬಾಯಿ ತೆರೆದಳು... ಅವನ ಭುಜದ ಮೇಲೇ ವಾಂತಿ ಮಾಡಿಕೊಂಡಳು.

"ಬೆಳಿಗ್ಗೆ ಏನ್ ತಿಂದಿದ್ದೆ?" ಎಂದ ಅವನು.

"ರೈ ರೊಟ್ಟಿ... ಹೆರಿಂಗ್ ಮೀನು."

"ಗೊತ್ತಾಯ್ತು."

ದಡಕ್ಕೆ ತೇಲಿ ಬಂದ ಮೇಲೆ ಅವಳು ಯಾವುದೋ ವ್ಯಾನಿನವರಿಂದ ಒಂದು ಚಾಕು ಕೇಳಿ ತಂದಳು. ಸೀಲಿನ ಬಳಿ ಮಂಡಿಯೂರಿದಳು. ಮೂಗು ಮುಚ್ಚಲು ಕೈ ಬಿಡುವಿರಲಿಲ್ಲ. ಅವನು ಚರ್ಮ ಹಿಡಿದೆತ್ತಿದ, ಅವಳು ಒಳಗೆ ಹೂತಿದ್ದ ಎಳೆಗಳನ್ನು ಕತ್ತರಿಸಿದಳು. ನಡುವೆ ಎರಡು ಸಲ ಎದ್ದು ಹೋಗಿ ಕಾರಿಕೊಂಡು ಬಂದಳು. ಇನ್ನೊಂದು ಜೀವಕ್ಕೆ ಸುತ್ತಿಕೊಳ್ಳದಂತೆ ಬಲೆಯ ಕೊನೆಯ ತುಂಡೂ ಕಸದ ಡಬ್ಬಿ ಸೇರಿತು.

ಇಬ್ಬರ ಮೈಯಿಂದಲೂ ಬರುತ್ತಿದ್ದ ನಾತಕ್ಕೆ ಹೆದರಿ ದಡದ ಹೋಟೆಲಿನಾಕೆ ಕಾಫಿಯನ್ನು ಬಾಗಿಲ ಹೊರಗೇ ಇಟ್ಟು ಬಾಗಿಲು ಹಾಕಿಕೊಂಡಳು. ಇಬ್ಬರೂ ಅದನ್ನು ಹಿಡಿದು ಮರಳ ದಿಬ್ಬದ ಮರೆಯಲ್ಲಿ ಕುಳಿತರು. ಅವನ ಹೆಸರು ಥೋರ್ಕಿಲ್ ಎಂದು ಅವಳಿಗೆ ತಿಳಿದದ್ದು ಆಗಲೇ.

"ನಿನ್ನನ್ನ ಹೆಣ ತಿನ್ನೋನು ಅಂದೆ," ಎಂದಳು ಬೋಡಿಲ್.

"ಹೂಂ. ಅದು ಮಾತ್ರ ಸ್ಪಷ್ಟವಾಗಿ ಕೇಳಿಸ್ತು."

"ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ, ಥೋರ್ಕಿಲ್. ನೋಡಿದ ತಕ್ಷಣ ನೀನು ಎಂಥವನು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಕೇಳೋಕೆ ಒಂದು ಹೆಜ್ಜೆ ಹತ್ರ ಬರ್ಲಿಲ್ಲ."

ಅವನು ತುಟಿಯ ಗಾಯಕ್ಕೆ ಕಾಫಿ ತಾಗದಂತೆ ಓರೆಯಾಗಿ ಹೀರಿದ.

"ಮೂರು ವರ್ಷದಿಂದ ನಿನ್ನ ನೋಡ್ತಿದ್ದೀನಿ," ಎಂದ. "ನೀನು ಬಿದ್ದು ಏಳೋ ರೀತಿ... ಅದನ್ನ ನೋಡೋಕೇ ಈ ದಡಕ್ಕೆ ಬರ್ತಿದ್ದೆ. ಏನಾದ್ರೂ ನೆಪ ಸಿಕ್ಕಿದ್ರೆ ಮಾತಾಡ್ಸೋಣ ಅಂತ ಕಾದೆ. ಕೊನೆಗೆ ನೀನೇ ಮಾತಾಡ್ಸಿದೆ. ನಾನಿದ್ದ ಸ್ಥಿತಿ ನೋಡು."

ಬೋಡಿಲ್ ಎದೆಯಲ್ಲಿ ಏನೋ ಸಡಿಲಾಯಿತು. ಆ ನಾತ ಇನ್ನೂ ಇತ್ತು. ಆದರೂ ಈ ಮನುಷ್ಯನ ಪಕ್ಕದಿಂದ ಎದ್ದು ಹೋಗಲು ಮನಸ್ಸಿರಲಿಲ್ಲ...

"ಹತ್ರ ಬಾ," ಎಂದಳು.

"ನಾರ್ತಿದ್ದೀನಿ, ಬೋಡಿಲ್."

"ನಾನೂ ನಾರ್ತಿದ್ದೀನಿ. ಬಾ."