ಮುರಿದ ಕೊಕ್ಕೆ

"ನಾಳೆ ನನ್ನ ನೋಡಾಕ ಹುಕ್ಕೇರಿಯವರು ಬರಾಕತ್ತಾರ್ರಿ," ಎಂದಳು ಭಕ್ತಿ.

ಜಿನೇಂದ್ರನ ಕೈಯ ಸ್ಕ್ರೂಡ್ರೈವರ್ ಜಾರಿತು. ಕಂಪ್ಯೂಟರಿನೊಳಗೆ ಏನೋ ಟಕ್ಕೆಂದು ಮುರಿಯಿತು.

ಮೂಡಲಗಿ ಬಸ್ ಸ್ಟ್ಯಾಂಡಿನ ಎದುರು ಭಕ್ತಿಯದೊಂದು ಪುಟ್ಟ ಡಿಟಿಪಿ ಅಂಗಡಿ. ಎರಡು ಸಾವಿರದ ಮೂರನೇ ಇಸವಿ. ಸುತ್ತಲಿನ ಊರುಗಳ ಲಗ್ನಪತ್ರಿಕೆಗಳೆಲ್ಲ ಅವಳ ಒಂದೇ ಹಳೆಯ ಕಂಪ್ಯೂಟರಿನಲ್ಲಿ ತಯಾರಾಗುತ್ತಿದ್ದವು. ಅದು ಕೆಟ್ಟಾಗ ಗೋಕಾಕದಿಂದ ಬೈಕಿನಲ್ಲಿ ಬರುವವನು ಜಿನೇಂದ್ರ. ಈಚೆಗೆ ಕೆಡದಿದ್ದರೂ ಬರುತ್ತಿದ್ದ. ಇವತ್ತು ಫ್ಯಾನಿನ ಧೂಳು ತೆಗೆಯುವ ನೆವ.

ಅವಳು ಟೈಪ್ ಮಾಡುವಾಗ ಅವನು ನೋಡುತ್ತಿದ್ದ. ತಲೆಯೆತ್ತಿದರೆ ಗಡಬಡಿಸಿ ಯಾವುದೋ ವೈರು ಹಿಡಿದುಕೊಳ್ಳುತ್ತಿದ್ದ. ಇಷ್ಟೆಲ್ಲ ಮಾಡಿ ಹೋಗುವಾಗ, "ಬರ್ತೀನ್ರಿ ಅಕ್ಕಾರ!" ಹಾಗೆ ನೋಡುವವನು ಹೀಗೇಕೆ ಕರೆಯುತ್ತಾನೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಹುಕ್ಕೇರಿಯ ಸುದ್ದಿ ಹೇಳಿದ್ದೂ ಅದಕ್ಕೇ, ಅವನ ಮುಖ ನೋಡಲಿಕ್ಕೆ.

"ಏನ್ ಮುರೀತ್ರಿ?"

"ಪ್ರೊಸೆಸರ್ ಕುಂದರೂ ಸಾಕೆಟ್ಟಿನ ನಡುವಿನ ಕೊಕ್ಕಿ. ಹೀಟ್‌ಸಿಂಕಿನ ಕ್ಲಿಪ್ ಇದಕ್ಕ ಸಿಗಿಸಿರತಾರ. ಕಾವು ಎಳಕೊಳ್ಳೂ ಈ ಹೀಟ್‌ಸಿಂಕ್ ಬಿಗಿ ಕುಂದರಲಿಲ್ಲಂದ್ರ ಪ್ರೊಸೆಸರ್ ಸುಟ್ಟ ಹೋಗತೈತಿ."

"ಅಂಟ ಹಚ್ಚಿದ್ರ?"

"ಕಾವಿಗೆ ತಡಿಯಾಂಗಿಲ್ಲ." ಅವನು ತಲೆಯೆತ್ತಲಿಲ್ಲ. "ಹುಡುಗಾ ಏನ್ ಮಾಡ್ತಾನ್ರಿ?"

"ಅರಬಿ ಅಂಗಡಿ ಐತಂತ. ಸೀರಿ, ಧೋತರ ಮಾರತಾನಂತ."

"ಚೊಲೋ ಆತ್ ಬಿಡ್ರಿ," ಎಂದವನೇ ಬೈಕ್ ಹತ್ತಿ ಹೊರಟುಹೋದ.

ಚೊಲೋ ಆಯಿತೇ? ಭಕ್ತಿಗೆ ಸಿಟ್ಟು ಬಂತು, ಅಳುವೂ ಬಂತು. ಹಾಗಾದರೆ ಆ ನೋಟಗಳೆಲ್ಲ ತನ್ನ ಭ್ರಮೆಯೇ? ಮೇಲವಂಕಿಯ ಗಿರಾಕಿಗಳು ಲಗ್ನಪತ್ರಿಕೆ ಕೇಳಲು ಬಂದಾಗ ಏನು ಹೇಳಿ ಕಳಿಸಿದಳೋ ಅವಳಿಗೇ ನೆನಪಿಲ್ಲ.

ಸಂಜೆ ಅವನು ತಿರುಗಿ ಬಂದ. ಕೈಯಲ್ಲಿ ಯಾವುದೋ ಹಳೆಯ ಮಷೀನಿನಿಂದ ಬಿಚ್ಚಿದ ಹೀಟ್‌ಸಿಂಕ್.

"ಇದರ ಕ್ಲಿಪ್ಪಿಗೆ ಮೂರು ತೂತ ಅದಾವು. ನಡುವಿನ ಕೊಕ್ಕಿ ಹೋದ್ರೂ ಎರಡೂ ಬಾಜೂದವು ಹಿಡೀತಾವು," ಎಂದು ಪ್ರೊಸೆಸರ್ ಒರೆಸಿ, ಕಾವು ದಾಟಿಸುವ ಹೊಸ ಪೇಸ್ಟ್ ಸವರಿದ. "ಬೋರ್ಡ್ ಗಟ್ಟಿ ಹಿಡೀರಿ, ಅಕ್ಕಾರ."

ಅವಳು ಹಿಡಿದಳು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಸರಿಸಿಕೊಳ್ಳಲಿಲ್ಲ.

"ನಾ ನಿಮಗಿಂತ ಸಣ್ಣಾಕಿ. ಅಕ್ಕ ಹೆಂಗ ಆದ್ನಿ?"

ಕ್ಲಿಪ್ ಕಟ್ಟೆಂದು ಕೂತಿತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಮೊದಲ ಬಂದಾಗ ನಿಮ್ಮ ಅಪ್ಪಾರು ಬಾಜೂಕ ಕುಂತಿದ್ರು. ಹೆಸರ ಹಿಡದ ಕರಿಯಾಕ ಧೈರ್ಯ ಆಗಲಿಲ್ಲ. ಆಮ್ಯಾಲ ಬದಲಿಸಿದ್ರ ನನ್ನ ಮನಸಿನಾಗಿಂದು ನಿಮಗ ತಿಳದಬಿಡತೈತಿ ಅಂತ ಅಂಜಿದ್ನಿ."

"ತಿಳದಿದ್ರ ಏನಾಗತಿತ್ತು?"

"ರಿಪೇರಿಗೆ ಬ್ಯಾರೆ ಯಾರನ್ನರ ಕರೀತಿದ್ರಿ."

"ಮತ್ತ ಮುಂಜಾನಿ ಚೊಲೋ ಆತು ಅಂದ್ರಿ?"

"ಬರೇ ಬಾಯಿ ಅಂದಿತ್ರಿ. ಖರೆ ಅಂದ್ರ, ಎದಿ ಒಡದ ಹೋಗಿತ್ತು."

ಭಕ್ತಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಇತ್ತು. ಅವನು ಸ್ವಿಚ್ ಒತ್ತಿದ. ಫ್ಯಾನು ತಿರುಗಿ ಪರದೆ ಬೆಳಗಿತು. ಇಬ್ಬರೂ ಪರದೆಯ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಅವಳ ತಂದೆ ವರ್ಧಮಾನ ಬಾಗಿಲಲ್ಲಿ ಬಂದು ನಿಂತರು. "ನಡಿಯವಾ, ನಾಳಿನ ತಯಾರಿ ನಡಸೂಣು."

"ಅಪ್ಪಾ, ಹುಕ್ಕೇರಿಯವರಿಗೆ ಬರಬ್ಯಾಡ್ರಿ ಅಂತ ಹೇಳ್ರಿ."

"ಯಾಕ? ಏನಾತು?"

ಅವಳು ಜಿನೇಂದ್ರನತ್ತ ನೋಡಿದಳು. ಬೆರಳಿಗೆ ಅಂಟಿದ ಪೇಸ್ಟನ್ನು ಅಂಗಿಗೇ ಒರೆಸಿಕೊಂಡು ಅವನು ಮುಂದೆ ಬಂದ. "ಕಾಕಾ, ನಾಳೆ ನಮ್ಮ ಅವ್ವನ ಕರಕೊಂಡ ಬರ್ತೀನ್ರಿ."

"ಕಂಪ್ಯೂಟರ್ ರಿಪೇರಿಗೆ ನಿಮ್ಮ ಅವ್ವ ಯಾಕ ಬೇಕೋ?"

ವರ್ಧಮಾನ ಅವನನ್ನು ನೋಡಿದರು, ಕೆಂಪಾದ ಮಗಳ ಮುಖವನ್ನು ನೋಡಿದರು. ಆಮೇಲೆ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು.

"ಮೊದಲ ಒಂದ ವಾಟಗ ನೀರ ಕೊಡವಾ," ಎಂದರು. "ಆಮ್ಯಾಲ ಇಬ್ಬರೂ ಕೂಡೇ ಹೇಳ್ರಿ."