ಬಾಗಿಲ ಹೊರಗಿನ ದನಿ

"ಹೋಗೇ, ಬಾಗಿಲ ಹತ್ರ ನಿಂತ್ಕೊಂಡು ನಿಮ್ಮಮ್ಮನ ಹಾಗೇ ಮಾತಾಡು!" ಎಂದು ಸೋದರತ್ತೆ ಬೆನ್ನಿಗೆ ಕೈಯಿಟ್ಟು ದೂಡಿದಾಗ ಆ ಹುಡುಗಿಗೆ ಒಂಬತ್ತು ವರ್ಷ. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡು ಮೂರು ದಿನವಾಗಿತ್ತು. ಒಳಗೆ ಮಂಚದ ಮೇಲೆ ಅಮ್ಮನ ತಾಯಿ, ಕಣ್ಣು ಕಾಣದ ಅಜ್ಜಿ, "ನನ್ನ ಮಗಳು ಬಂದ್ಲಾ?" ಎಂದು ಕೇಳುತ್ತಲೇ ಇದ್ದಳು. ಸುದ್ದಿ ತಿಳಿದರೆ ಆ ಬಡಕಲು ಎದೆ ತಡೆದುಕೊಳ್ಳಲಾರದು ಎಂದಿದ್ದರು ಡಾಕ್ಟರು.

ಪಾಪದ ಕೂಸು! ಮೇಷ್ಟ್ರ ಕೆಮ್ಮು, ಹಾಲಿನವನ ಗೊಣಗಾಟ, ಅಮ್ಮನ ಹೊಲಿಗೆ ಯಂತ್ರದ ಟಕಟಕ, ಎಲ್ಲವನ್ನೂ ಥೇಟ್ ಹಾಗೇ ಮಾಡಿ ತೋರಿಸಿ ಮನೆಮಂದಿಯ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವಳು. ಮುಂದೆ ಅವಳು ಹೆಸರಾಂತ ಸಿನಿಮಾ ನಟಿಯಾದಾಗ ಪತ್ರಿಕೆಯವರು ಅದನ್ನೇ ಬಾಲಪ್ರತಿಭೆ ಎಂದು ಬರೆದರು. ಬರೆದುಕೊಳ್ಳಲಿ ಬಿಡಿ, ಅವರಿಗೇನು ಗೊತ್ತು!

"ಬಂದೆ ಅಮ್ಮಾ... ನಂಗೆ ಅಂಟು ಕಾಯಿಲೆಯಂತೆ, ಹತ್ರ ಬರೋ ಹಾಗಿಲ್ಲ," ಎಂದಳು ಹುಡುಗಿ. ಅಮ್ಮನದೇ ದನಿ! ಅಡುಗೆಮನೆಯಲ್ಲಿ ಅಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಬಿಕ್ಕಿದ.

ಗುಟ್ಟು ಬಯಲಾಗಬಾರದೆಂದು, "ಮೊಮ್ಮಗಳನ್ನ ಹಾಸ್ಟೆಲಿಗೆ ಸೇರಿಸಿದೀವಿ," ಎಂದು ಅತ್ತೆ ಕತೆ ಕಟ್ಟಿದಳು. ಅಂದಿನಿಂದ ಮನೆಯೊಳಗೆ ಹುಡುಗಿ ತನ್ನ ದನಿ ತೆಗೆಯುವಂತಿಲ್ಲ. ಹಸಿವಾದರೂ ಅಮ್ಮನ ದನಿ, ಬಾಗಿಲಿಗೆ ಬೆರಳು ಸಿಕ್ಕಿದರೂ ಅಮ್ಮನ ದನಿ. ಅಮ್ಮನಿಗಾಗಿ ಅವಳು ಒಮ್ಮೆಯೂ ಅಳಲಿಲ್ಲ. ಅಳುವುದಕ್ಕೂ ಸ್ವಂತ ದನಿ ಬೇಕಲ್ಲ! ಮನಸ್ಸು ಮರಗಟ್ಟಿಹೋಗಿತ್ತು. ಹೇಳಿದಾಗ ಉಣ್ಣುತ್ತಿದ್ದಳು, ಹೇಳಿದಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಎರಡು ತಿಂಗಳು ಹೀಗೇ ಕಳೆದವು. ಒಂದು ಮಧ್ಯಾಹ್ನ ಮನೆಯಲ್ಲಿ ಬೇರಾರೂ ಇರಲಿಲ್ಲ.

"ಊಟ ಆಯ್ತಾ ಅಮ್ಮಾ?"

ಅಜ್ಜಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ನಾಲ್ಕು ಜನರ ಮುಂದೆ ಮಾತ್ರ ನನ್ನ ಮಗಳು ನನ್ನನ್ನ ಅಮ್ಮ ಅಂತಿದ್ಲು ಕಣೇ. ನಾವಿಬ್ರೇ ಇದ್ದಾಗ 'ಏನೇ ಹುಡುಗೀ, ಉಂಡ್ಯಾ?' ಅಂತ ರೇಗಿಸೋಳು. ಪಾಪ, ನಿಂಗೆ ಹೇಗೆ ಗೊತ್ತಿರುತ್ತೆ? ಮೊದಲ ವಾರ ನಾವಿಬ್ರೇ ಇದ್ದಾಗಲೂ ನೀನು ಅಮ್ಮಾ ಅಂದ್ಯಲ್ಲ, ಆಗಲೇ ತಿಳೀತು ನಂಗೆ... ಅವಳು ಹೋದ್ಲು ಅಂತ."

ಹುಡುಗಿ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗೊತ್ತಿದ್ದೂ ಸುಮ್ಮನಿದ್ದೆ. ಇನ್ನೊಂದು ದಿನ ಕೇಳೋಣ, ಇನ್ನೊಂದೇ ದಿನ... ಅನ್ನೋ ದುರಾಸೆ! ನಿನ್ನ ಬಾಯಿ ಕಟ್ಟಿಬಿಟ್ಟೆನಲ್ಲೇ ಮಗಾ! ಸಾಕು, ಬಾ ಇಲ್ಲಿ. ನಿನ್ನ ದನೀಲಿ ಒಂದ್ಸಲ ಅಜ್ಜೀ ಅಂತ ಕರಿ."

ಹುಡುಗಿ ಮಂಚದ ಬಳಿ ಹೋಗಿ ಅಜ್ಜಿಯ ಕೈ ಹಿಡಿದಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಅಜ್ಜೀ..." ಎಂದಳು.

ಅಮ್ಮನ ದನಿಯೇ ಬಂತು.