ಬಂದುಬಿಡು ಅಂದಳು ಅಕ್ಕ

"ಫೋನು ಅಪ್ಪನಿಗೆ ಕೊಡಬೇಡ ಅಕ್ಕಾ... ನಿನ್ನ ಕೈಯಲ್ಲೇ ಇರಲಿ!"

ಆ ಕಡೆಯಿಂದ ಬಂದ ದನಿ ಕೇಳಿ ದೊಡ್ಡವಳು ಒಲೆ ಆರಿಸಿದಳು. ಪ್ರತಿ ಭಾನುವಾರ ಮಧ್ಯಾಹ್ನ ನೌಕಾ ತರಬೇತಿ ಕೇಂದ್ರದಿಂದ ತಂಗಿ ಪುಟ್ಟಿಯ ಫೋನು ಬರುತ್ತಿತ್ತು. ಅದು ಸದ್ದು ಮಾಡಿದರೆ ಸಾಕು, ಅಪ್ಪ ಮುಂದಿನ ಕೋಣೆಯಲ್ಲಿದ್ದ ಮೋಟಾರು ರಿಪೇರಿ ಅಂಗಡಿಯಿಂದ ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಇವತ್ತು ಮಾತ್ರ ಯಾರದೋ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದರಿಂದ ಅವರಿಗೆ ಕೇಳಿಸಿರಲಿಲ್ಲ.

"ಏನಾಯ್ತೇ?"

"ಫೇಲಾದೆ ಅಕ್ಕ..." ಪುಟ್ಟಿ ಬಿಕ್ಕಿದಳು. "ಒಂದು ಕಬ್ಬಿಣದ ಕೋಣೆ ಇದೆ. ಹಡಗಿನ ಒಳಗಿದ್ದ ಹಾಗೇ ಪೈಪು, ವೈರು ಎಲ್ಲಾ ಇರುತ್ತೆ. ಅದರೊಳಗೆ ನೀರು ನುಗ್ಗಿಸಿ ದೀಪ ಆರಿಸಿಬಿಡ್ತಾರೆ. ಸೊಂಟದ ತನಕ ನೀರಲ್ಲಿ ನಿಂತು, ಕತ್ತಲಲ್ಲೇ ತೂತು ಮುಚ್ಚಿ, ಪಂಪಿಗೆ ಕರೆಂಟು ಕೊಡಬೇಕು. ಎಲ್ಲರೂ ಮಾಡಿದ್ರು. ನಾನು... ಎಲ್ಲಾ ಕೈಬಿಟ್ಟು ಬಾಗಿಲು ಬಡಿದೆ ಅಕ್ಕಾ! ಚೀರಿಕೊಂಡು ಬಾಗಿಲು ಬಡಿದೆ! ಇನ್ನೊಂದೇ ಅವಕಾಶ ಅಂತೆ. ನನ್ನ ಕೈಲಾಗಲ್ಲ... ಬಂದುಬಿಡ್ಲಾ?"

ಧೈರ್ಯ ಹೇಳಬೇಕಾದ ಹೊತ್ತು ಅದು. "ಹೆದರಬೇಡ ಕಂದಾ" ಎಂದಿದ್ದರೆ ಸಾಕಿತ್ತು. ಆದರೆ ದೊಡ್ಡವಳ ಬಾಯಿಂದ ಬಂದದ್ದೇ ಬೇರೆ.

"ಬಂದುಬಿಡು. ಯಾಕೆ ಸುಮ್ಮನೆ ಜೀವ ತೇಯ್ತೀಯಾ? ಬಂದುಬಿಡು."

ಫೋನು ಇಟ್ಟ ಮೇಲೆ ಅವಳು ಗೋಡೆಗೊರಗಿ ನಿಂತಳು. ಎದೆ ಹಗುರಾಗಿತ್ತು. ಬಾಯಲ್ಲಿ ಸಕ್ಕರೆ ಇಟ್ಟುಕೊಂಡಂಥ ಸಿಹಿ! ಅದು ಯಾಕೆಂದು ಹೊಳೆದ ಕ್ಷಣವೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಛೇ... ತಾನು ಎತ್ತಿ ಆಡಿಸಿದ ಕೂಸು ಅಲ್ಲಿ ಅಳುತ್ತಿದೆ, ತನಗಿಲ್ಲಿ ಸಂತೋಷ!

ಆ ಸಂತೋಷದ ಬೇರು ಹಳೆಯದು. ಪುಟ್ಟಿ ಇನ್ನೂ ತೊದಲು ಮಾತಾಡುತ್ತಿದ್ದ ಕಾಲದಲ್ಲಿ ದೊಡ್ಡವಳೂ ಇದೇ ತರಬೇತಿಗೆ ಆಯ್ಕೆಯಾಗಿದ್ದಳು. ಹೊರಡುವುದಕ್ಕೆ ಚೀಲ ಕಟ್ಟಿಯೂ ಆಗಿತ್ತು. ಅಷ್ಟರಲ್ಲಿ ಅಮ್ಮ ತೀರಿಹೋದಳು. ಕಟ್ಟಿದ ಚೀಲವನ್ನು ಯಾರೂ ಬಿಚ್ಚು ಎನ್ನಲಿಲ್ಲ, ಅವಳೇ ಬಿಚ್ಚಿದಳು. ಅಂದಿನಿಂದ ಬೆಳಿಗ್ಗೆ ಅಡುಗೆ, ಹಗಲೆಲ್ಲ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ, ಸಂಜೆ ಪುಟ್ಟಿಯ ಪಾಠ. ಬಂದ ಸಂಬಂಧಗಳು ಬಂದ ದಾರಿಯಲ್ಲೇ ಹೋದವು. ಆ ಪುಟ್ಟಿ ಬೆಳೆದು ಅದೇ ಪರೀಕ್ಷೆ ಗೆದ್ದಾಗ ಅಪ್ಪ ಬೀದಿಗೆಲ್ಲ ಮಿಠಾಯಿ ಹಂಚಿದರು. ಮಿಕ್ಸಿ ರಿಪೇರಿಗೆ ಬಂದವರಿಗೂ ಹಡಗಿನ ಕಥೆ ಕೇಳದೆ ಬಿಡುಗಡೆಯಿಲ್ಲ! "ಮೇಸ್ತ್ರಿಗಳೇ, ನಿಮ್ಮ ಹಡಗು ದಡ ಸೇರೋ ಹೊತ್ತಿಗೆ ನಮ್ಮ ಚಟ್ನಿ ಹಳಸುತ್ತೆ" ಎಂದು ಪಕ್ಕದ ಮನೆಯ ದರ್ಜಿ ಒಮ್ಮೆ ನಗಿಸಿದ್ದ. ಎಲ್ಲರೂ ನಕ್ಕಿದ್ದರು. ತಂತಿ ಸುತ್ತುತ್ತಿದ್ದ ದೊಡ್ಡವಳು ಮಾತ್ರ ತಲೆಯೆತ್ತಿರಲಿಲ್ಲ. ಗೋಡೆಯ ಮೇಲೆ ಬಿಳಿ ಸಮವಸ್ತ್ರದ ಪುಟ್ಟಿಯ ಫೋಟೋ ಬಂದ ಮೇಲೆ, ಅದರ ಗಾಜು ಒರೆಸುವಾಗಲೆಲ್ಲ ಅವಳಿಗೆ ಕಾಣುತ್ತಿದ್ದುದು ತಂಗಿಯ ಮುಖವಲ್ಲ, ಅದರ ಮೇಲೆ ಬಿದ್ದ ತನ್ನ ನೆರಳು.

ಅಪ್ಪ ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳು ಬಡಿಸುತ್ತಲೇ ಹೇಳಿದಳು: "ನಿಮ್ಮ ಮುದ್ದಿನ ಮಗಳು ವಾಪಸ್ ಬರ್ತಿದ್ದಾಳೆ. ಆಗಲ್ಲವಂತೆ ಅವಳಿಗೆ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ವಿಷಯವೆಲ್ಲ ಕೇಳಿದ ಮೇಲೆ, "ನೀನೇನಂದೆ?" ಎಂದರು.

"ಬಾ ಅಂದೆ."

"ಬಾ ಅಂದ್ಯಾ? ಅಯ್ಯೋ... ಒಂದು ಮಾತು ಧೈರ್ಯ ಹೇಳೋಕೆ ನಿನ್ನ ಬಾಯಿಗೇನಾಗಿತ್ತೇ? ಆ ಮಗು ಎಷ್ಟು ಕಷ್ಟಪಟ್ಟಿದೆ!"

"ಮಗು... ಮಗು! ಹಾಗಾದ್ರೆ ನಾನು ಯಾರಪ್ಪಾ?" ದೊಡ್ಡವಳ ದನಿ ಒಡೆಯಿತು. ಸೌಟು ಪಾತ್ರೆಗೆ ಬಡಿಯಿತು. "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ! ಅವಳು ಹೊರಟಾಗ ಬೀದಿಗೆಲ್ಲ ಮಿಠಾಯಿ. ನಾನು ಚೀಲ ಬಿಚ್ಚಿದಾಗ ನೀವು ತಿರುಗಿಯೂ ನೋಡಲಿಲ್ಲ! ನನ್ನನ್ನ ಯಾಕೆ ಕಳಿಸಲಿಲ್ಲ? ಹೇಳಿ... ಯಾಕೆ ಕಳಿಸಲಿಲ್ಲ?"

ಅಪ್ಪ ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಬೆರಗು.

"ನೀನು ಹೋಗ್ತೀನಿ ಅಂತ ಹೇಳಲೇ ಇಲ್ಲವಲ್ಲಮ್ಮಾ..."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ! ಅಮ್ಮನ ಚಿತೆ ಆರುವ ಮುಂಚೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು, ನಾನು ಹೋಗುತ್ತೇನೆ ಎಂದು ಯಾವ ಬಾಯಿಂದ ಹೇಳಬೇಕಿತ್ತು? ಆದರೆ ನಿಜ, ಅವಳು ಹೇಳಿರಲಿಲ್ಲ. ಯಾರಾದರೂ ತಾವಾಗಿಯೇ ಅರ್ಥಮಾಡಿಕೊಳ್ಳಲಿ ಎಂದು ಕಾದಿದ್ದಳು... ಕಾಯುತ್ತಲೇ ವಯಸ್ಸು ಕಳೆದಿತ್ತು.

ಅಪ್ಪ ಊಟ ಬಿಟ್ಟು ಎದ್ದರು. "ಬಿಟ್ಟು ಬರೋ ಮಕ್ಕಳನ್ನ ಮನೆಯವರೇ ಹೋಗಿ ಕರ್ಕೊಂಡು ಬರಬೇಕಂತೆ. ನನಗೆ ಅವಳ ಮುಖ ನೋಡೋ ಶಕ್ತಿ ಇಲ್ಲ. ನೀನೇ ಹೋಗಿ ಕರ್ಕೊಂಡು ಬಾ."

ಮರುದಿನ ದೊಡ್ಡವಳು ಬಸ್ಸು ಹತ್ತಿದಳು. ತರಬೇತಿ ಕೇಂದ್ರದ ಗೇಟಿನಲ್ಲಿ ಅವಳನ್ನು ಒಳಗೆ ಕರೆದೊಯ್ದದ್ದು ಒಬ್ಬ ಅಧಿಕಾರಿಣಿ. ಕತ್ತರಿಸಿದ ಕೂದಲು, ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ. ವಯಸ್ಸು ಹೆಚ್ಚುಕಡಿಮೆ ದೊಡ್ಡವಳದೇ! ಅಂದು ಹೊರಟಿದ್ದರೆ ತಾನೂ ಇವಳ ಸಾಲಿನಲ್ಲೇ ನಿಂತಿರುತ್ತಿದ್ದೆನೇನೋ... ಇದೇ ಅಂಗಳದಲ್ಲಿ ಹೀಗೇ ಬೂಟು ಟಪಟಪ ಎನ್ನಿಸುತ್ತ ನಡೆಯುತ್ತಿದ್ದೆನೇನೋ! ದಾರಿಯಲ್ಲಿ ಆ ಕಬ್ಬಿಣದ ಕೋಣೆಯೂ ಕಂಡಿತು. ದಪ್ಪ ಗಾಜಿನ ಕಿಟಕಿಯಾಚೆ ಯಾರೋ ಹುಡುಗರು ನೀರಿನಲ್ಲಿ ಕೂಗಾಡುತ್ತ ತೂತಿಗೆ ಹಲಗೆ ಒತ್ತಿ ಹಿಡಿದಿದ್ದರು. ಅವಳ ಕಾಲು ಅಲ್ಲೇ ನಿಂತುಬಿಟ್ಟಿತು. ಒಳಗೆ ಹೋಗಬೇಕು, ಆ ಹಲಗೆಗೆ ತಾನೂ ಭುಜ ಕೊಡಬೇಕು ಎಂದು ಮೈಯೆಲ್ಲ ತುಡಿಯಿತು. ಅಧಿಕಾರಿಣಿ ಎರಡು ಸಲ ಕರೆದ ಮೇಲೆಯೇ ಅವಳು ಕದಲಿದ್ದು.

ಭೇಟಿಯ ಕೋಣೆಯಲ್ಲಿ ಪುಟ್ಟಿ ಚೀಲ ಕಟ್ಟಿಕೊಂಡು ಕುಳಿತಿದ್ದಳು. ಬೆರಳ ಗೆಣ್ಣುಗಳೆಲ್ಲ ತರಚಿದ್ದವು. ಅಕ್ಕನನ್ನು ಕಂಡವಳೇ ಎದ್ದು ಬಂದು ಕುತ್ತಿಗೆಗೆ ಜೋತುಬಿದ್ದಳು.

"ನಡೀ ಅಕ್ಕಾ, ಹೋಗೋಣ. ಅಂಗಡಿ ನಾನು ನೋಡ್ಕೋತೀನಿ. ಇನ್ನು ಮೇಲಾದ್ರೂ ನೀನು ಆರಾಮಾಗಿರು."

ದೊಡ್ಡವಳು ತಂಗಿಯನ್ನು ಮೆಲ್ಲಗೆ ದೂರ ಸರಿಸಿ ಕೂರಿಸಿದಳು.

"ಪುಟ್ಟೀ, ನಾನು ನಿನ್ನನ್ನ ಬಾ ಅಂದಿದ್ದು ಯಾಕೆ ಗೊತ್ತಾ? ಪ್ರೀತಿಯಿಂದಲ್ಲ ಕಣೇ... ಹೊಟ್ಟೆಕಿಚ್ಚಿನಿಂದ. ನೀನು ಸೋತೆ ಅಂದಾಗ ನನಗೆ ಖುಷಿಯಾಯ್ತು. ನಿನ್ನ ಅಕ್ಕ ಅಂಥವಳು!"

ಪುಟ್ಟಿ ತಲೆ ತಗ್ಗಿಸಿದಳು. "ಗೊತ್ತು."

"ಗೊತ್ತಾ?"

"ಮೊದಲಿಂದಲೂ ಗೊತ್ತು. ರಜೆಗೆ ಬಂದಾಗ, ನೀನು ನನ್ನ ಫೋಟೋ ಒರೆಸುವಾಗ ನಿನ್ನ ಮುಖ ನೋಡಿದೀನಲ್ಲ! ಆ ಕತ್ತಲಲ್ಲಿ ನೀರು ಏರುವಾಗ ನನಗೆ ಅನಿಸಿದ್ದೂ ಅದೇ... ಇದು ಅಕ್ಕನ ಜಾಗ, ನಾನು ಕದ್ದು ಬಂದು ನಿಂತಿದೀನಿ ಅಂತ. ಕೈಯೇ ಆಡಲಿಲ್ಲ ಅಕ್ಕಾ... ಅದಕ್ಕೇ ಬರ್ತೀನಿ ಅಂದೆ."

ಅಷ್ಟು ವರ್ಷ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡ ಬೆಂಕಿ, ತಾನೇ ಸಾಕಿದ ಕೂಸನ್ನು ದಿನಾ ಸುಡುತ್ತಿತ್ತು! ಅವಳು ಅಳಲಿಲ್ಲ. ಅಳುವುದಕ್ಕಿಂತ ಮೊದಲು ಸಿಟ್ಟು ಬಂತು.

"ಕದ್ದು ಬಂದಿದೀಯಾ? ಪರೀಕ್ಷೆ ಬರೆದವಳು ನೀನು! ಅಲ್ಲ ಕಣೇ, ಆ ಜಾಗ ನನ್ನದಾಗಿದ್ದಿದ್ರೆ ನಾನು ಬಾಗಿಲು ಬಡೀತಿದ್ನಾ? ಕೇಳು ಇಲ್ಲಿ. ಒಂದು ಸಲ ನಾನು ಹೋಗಲಿಲ್ಲ, ಸೋತೆ. ನೀನೂ ವಾಪಸ್ ಬಂದ್ರೆ ನಾನು ಎರಡು ಸಲ ಸೋತ ಹಾಗೆ. ನನ್ನನ್ನ ಆರಾಮಾಗಿ ಇಡೋಕೆ ಬರ್ತಾಳಂತೆ! ನನ್ನ ಮೇಲೆ ಕನಿಕರ ಬೇಡ, ಪುಟ್ಟೀ. ನನ್ನ ಹೊಟ್ಟೆ ಇನ್ನೂ ಉರಿಯೋ ಹಾಗೆ ಗೆದ್ದು ತೋರಿಸು! ನಾನು ಊರೆಲ್ಲ ಹೇಳ್ಕೊಂಡು ಹೊಟ್ಟೆ ಉರ್ಕೋತೀನಿ!"

ಪುಟ್ಟಿ ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕಳು. ಆಮೇಲೆ ಇಬ್ಬರೂ ಸೇರಿ ಅತ್ತರು... ಸದ್ದು ಕೇಳಿ ಆ ಅಧಿಕಾರಿಣಿ ಬಾಗಿಲಿಗೆ ಬಂದು, ನೋಡಿ, ಸುಮ್ಮನೆ ಹಿಂದಕ್ಕೆ ಹೋದಳು. ದೊಡ್ಡವಳು ಅಂದು ಒಬ್ಬಳೇ ಮನೆಗೆ ಮರಳಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅವಳ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಒಳಗೆ ಹೋಗಿ ಅವಳಿಗೆ ಚಹಾ ಮಾಡಿದರು. ಸಕ್ಕರೆ ಹಾಕುವುದು ಮರೆತಿದ್ದರು.

ಆ ವಾರವೇ ಪುಟ್ಟಿ ಮತ್ತೆ ಆ ಕೋಣೆಗಿಳಿದಳು. ಬಾಗಿಲು ಬಡಿಯಲಿಲ್ಲ.

ತರಬೇತಿ ಮುಗಿದ ದಿನ ಅಪ್ಪ, ಮಗಳು ಕವಾಯತು ನೋಡಲು ಹೋದರು. ಸಾಲುಸಾಲು ಬಿಳಿ ಬಟ್ಟೆಯ ನಡುವೆ ಪುಟ್ಟಿ ಸೆಲ್ಯೂಟ್ ಹೊಡೆದಾಗ ದೊಡ್ಡವಳು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದಳು. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಅದು ಹೋಗುವಂಥದ್ದೂ ಅಲ್ಲ ಎಂದು ಅವಳಿಗೆ ಅಂದು ತಿಳಿಯಿತು. ಹೆಮ್ಮೆಯೂ ಅದೂ ಒಂದೇ ಎದೆಯಲ್ಲಿ, ಒಂದೇ ಮನೆಯ ಇಬ್ಬರು ಹೆಂಗಸರ ಹಾಗೆ, ಜಗಳವಾಡುತ್ತಲೇ ಕೂಡಿ ಬಾಳುತ್ತಿದ್ದವು.

ವಾಪಸಾಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ಅಪ್ಪನನ್ನು ಕೇಳಿದಳು, "ಮಕ್ಕಳೆಷ್ಟು ನಿಮಗೆ?"

"ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಹಡಗಿನ ಯಂತ್ರ ನೋಡ್ಕೋತಾಳೆ. ಇವಳು ನಮ್ಮೆಲ್ಲರನ್ನೂ ನೋಡ್ಕೋತಾಳೆ" ಎಂದರು ಅಪ್ಪ, ತುಂಬಿದ ಕಣ್ಣಿನಲ್ಲಿ.

"ನೋಡ್ಕೊಂಡು ನೋಡ್ಕೊಂಡು ಸಾಕಾಗಿದೆ ಅಪ್ಪಾ ನನಗೆ" ಎಂದಳು ದೊಡ್ಡವಳು. ದನಿಯಲ್ಲಿ ಮುನಿಸಿರಲಿಲ್ಲ.

ಅಪ್ಪ ಅಂಜುತ್ತ ಕೇಳಿದರು: "ಮತ್ತೆ... ಏನು ಮಾಡಬೇಕು ಅಂತಿದೀಯಮ್ಮಾ?"

"ಇನ್ನೂ ಗೊತ್ತಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದಲು ಈಜು ಕಲೀತೀನಿ."